ಇಡ್ಲಾ, ಇಡ್ತೀನಿ, ಇಟ್ಟೆ: ನಗುವಿನ ಲಯದ ಬಗ್ಗೆ ಒಂದಿಷ್ಟು ಮಾತು

(ಬಸವನಗುಡಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಕೈಯಲ್ಲಿ ಹಾಕಿ ತೋರಿಸಿದ ತಾಳ ಇಲ್ಲಿ ಬರುವುದಿಲ್ಲ. ಅದಕ್ಕೆ ಬದಲಾಗಿ ಅಲ್ಲಲ್ಲಿ ಒಂದೆರಡು ಸಾಲು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಹಾಡನ್ನು ನೂರು ಸಲ ಕೇಳಿದರೂ ನಮಗೆ ಬೇಜಾರಾಗುವುದಿಲ್ಲ. ಜೋಕು ಮಾತ್ರ ಎರಡನೇ ಸಲಕ್ಕೇ ಹಳಸಿಬಿಡುತ್ತದೆ. "ಇದು ಕೇಳಿದ್ದೀನಿ, ಬೇರೆ ಹೇಳಿ" ಅನ್ನುತ್ತಾರೆ. ಹಾಡುಗಾರರಿಗೆ ಯಾರೂ ಹಾಗೆ ಹೇಳುವುದಿಲ್ಲ. ಕೇಳಿರುವ ಕೀರ್ತನೆಯನ್ನೇ ಹಾಡಿ ಅಂತ ಚೀಟಿ ಬರೆದು ವೇದಿಕೆಗೆ ಕಳಿಸುತ್ತಾರೆ. ನಾನು ಸ್ಟ್ಯಾಂಡ್‌ಅಪ್ ಕಾಮಿಡಿ ಮಾಡುವವನು, ಸಂಗೀತವನ್ನು ಕಿವಿಯಿಂದಷ್ಟೇ ಕಲಿತವನು. ಈ ವ್ಯತ್ಯಾಸ ಯಾಕೆ ಅನ್ನುವುದು ನನಗೆ ತುಂಬಾ ಮುಖ್ಯವಾದ ಪ್ರಶ್ನೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ.

ಮೊದಲು ಒಂದು ಮಾತು. ಎಲ್ಲ ನಗೆಯೂ ಹೀಗೆ ಹಳಸುವುದಿಲ್ಲ. ಕಂಪನಿ ನಾಟಕದಲ್ಲಿ ಜನ "ಒನ್ಸ್ ಮೋರ್" ಕೂಗಿದ್ದು ಹಾಡಿಗೆ ಮಾತ್ರ ಅಲ್ಲ, ಹಾಸ್ಯದ ಸೀನಿಗೂ ಕೂಗುತ್ತಿದ್ದರು. ಮಾಸ್ಟರ್ ಹಿರಣ್ಣಯ್ಯನವರು ಲಂಚಕೋರರನ್ನು ಝಾಡಿಸುವ ತಮ್ಮ ನಾಟಕವನ್ನು ಸಾವಿರಾರು ಸಲ ಆಡಿದರು. ನೋಡಿದವರೇ ಮತ್ತೆ ಹೋಗಿ ನೋಡಿದರು. ಕಥೆ ಗೊತ್ತು, ಮುಂದಿನ ಮಾತೂ ಗೊತ್ತು, ಆದರೂ ನಕ್ಕರು. ಅವರು ಅವತ್ತಿನ ಪೇಪರಿನ ಸುದ್ದಿಯನ್ನು ನಡುವೆ ಸೇರಿಸುತ್ತಿದ್ದರು ನಿಜ. ಆದರೆ ಜನ ಹೋಗಿದ್ದು ಬರೀ ಸುದ್ದಿಗಲ್ಲ. ಆ ಮಾತಿನ ಓಟ, ಏರು, ತಟ್ಟನೆ ನಿಲ್ಲಿಸುವ ಜಾಗ, ಅದನ್ನು ಕೇಳಲು ಹೋದರು. ಅಂದರೆ ಲಯ ಕೇಳಲು ಹೋದರು. ಲಯ ಇರುವ ನಗೆಯನ್ನು ಮತ್ತೆ ಮತ್ತೆ ಕೇಳಬಹುದು. ವಿಷಯ ಒಂದನ್ನೇ ನಂಬಿದ ನಗೆ ಒಂದು ಸಲಕ್ಕೆ ಮುಗಿಯುತ್ತದೆ. ನಾನು ಹೇಳಬೇಕಾಗಿರುವುದು ಇದೇ. ಉಳಿದದ್ದೆಲ್ಲ ಇದನ್ನು ಬಿಡಿಸಿ ತೋರಿಸುವ ಕೆಲಸ.

ನನ್ನದೇ ಒಂದು ಬಿಟ್, ಅಂದರೆ ವೇದಿಕೆಯ ಮೇಲೆ ಹೇಳುವ ಒಂದು ತುಣುಕು, ತಗೊಳ್ಳೋಣ. ಅಮ್ಮ ಚಿಕ್ಕಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾರೆ. ಮಾತು ಮುಗಿಯಿತು.

"ಸರಿ ಕಣೇ, ಇಡ್ಲಾ?"

"ಹ್ಞೂ, ಇಡಕ್ಕಾ."

ಇಡುವುದಿಲ್ಲ. "ಆಮೇಲೆ ಆ ಹುಡುಗೀದು ಏನಾಯ್ತೇ?" ಅಂತ ಶುರು. ಹುಡುಗಿಯ ಜಾತಕ, ಹುಡುಗನ ಕೆಲಸ, ಛತ್ರದ ಬಾಡಿಗೆ ಎಲ್ಲ ಆಗುತ್ತದೆ.

"ಸರಿ ಕಣೇ, ಇಡ್ತೀನಿ."

"ಹ್ಞೂ."

"ಅಂದಹಾಗೆ ನಿನ್ನ ಮಂಡಿನೋವು ಹೇಗಿದೆ?" ಮತ್ತೆ ಡಾಕ್ಟರು, ಎಣ್ಣೆ, ಅಕ್ಕಪಕ್ಕದವರ ಮಂಡಿ. ಕೊನೆಗೆ,

"ಸರಿ, ಇಟ್ಟೆ ಆಯ್ತಾ."

ನಿಜವಾಗಿಯೂ ಇಡುತ್ತಾರೆ. ಸುಮ್ಮನೆ ಒಂದು ಗಳಿಗೆ. ಆಮೇಲೆ ಫೋನ್ ರಿಂಗ್ ಆಗುತ್ತದೆ. ಚಿಕ್ಕಮ್ಮ. "ಅಕ್ಕಾ, ಫೋನ್ ಮಾಡಿದ್ದು ಯಾಕೆ ಅಂತಾನೇ ಹೇಳಲಿಲ್ಲವಲ್ಲ ನೀನು."

ಇದು ಪ್ರತಿ ಮನೆಯಲ್ಲೂ ನಡೆಯುವ ಸಂಗತಿ. ಹೊಸದೇನೂ ಇಲ್ಲ. ಆದರೂ ಜನ ಎರಡನೇ ಸಲ, ಮೂರನೇ ಸಲ ಕೇಳಿಯೂ ನಗುತ್ತಾರೆ. ಶೋ ಮುಗಿದ ಮೇಲೆ ಕಾಲೇಜು ಹುಡುಗರು ಗೇಟಿನ ಹತ್ತಿರ "ಇಡ್ಲಾ, ಇಡ್ತೀನಿ, ಇಟ್ಟೆ" ಅಂತ ಹೇಳಿಕೊಂಡು ಹೋಗುತ್ತಾರೆ. ಯಾಕೆ ಅಂತ ನನಗೆ ಹೊಳೆದದ್ದು ರಾಮನವಮಿಯ ಪೆಂಡಾಲಿನಲ್ಲಿ.

ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಫೋರ್ಟ್ ಹೈಸ್ಕೂಲ್ ಮೈದಾನದ ಆ ಪೆಂಡಾಲಿನಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ತನಿ ಆವರ್ತನ, ಅಂದರೆ ಹಾಡು ನಿಲ್ಲಿಸಿ ತಾಳವಾದ್ಯಗಳಷ್ಟೇ ನುಡಿಸುವ ಭಾಗ, ಶುರುವಾದ ಕೂಡಲೇ ಕೆಲವರು ಕಾಫಿಗೆ ಎದ್ದು ಹೋಗುತ್ತಾರೆ. ಉಳಿದವರು ತೊಡೆಯ ಮೇಲೆ ತಾಳ ಹಾಕುತ್ತಾ ಕೂರುತ್ತಾರೆ. ಮೃದಂಗ, ಘಟ, ಖಂಜಿರ ಒಂದರ ಹಿಂದೆ ಒಂದು. ಒಬ್ಬೊಬ್ಬರ ಸರದಿ ಚಿಕ್ಕದಾಗುತ್ತಾ, ಓಟ ಜಾಸ್ತಿಯಾಗುತ್ತಾ ಬರುತ್ತದೆ. ಕೊನೆಗೆ ಎಲ್ಲರೂ ಸೇರಿ ಮುಕ್ತಾಯ ನುಡಿಸುತ್ತಾರೆ. ಒಂದೇ ಕಟ್ಟನ್ನು ಮೂರು ಸಲ. ತದಿಗಿಣತೋಂ, ತದಿಗಿಣತೋಂ, ತದಿಗಿಣತೋಂ. ಮೂರನೆಯದು ಮುಗಿಯುವುದಕ್ಕೂ ಹಾಡಿನ ಸಾಲು ಎತ್ತಿಕೊಳ್ಳುವುದಕ್ಕೂ ಸರಿಹೋಗುತ್ತದೆ. ಇಡೀ ಪೆಂಡಾಲಿನ ಕೈ ಒಟ್ಟಿಗೆ ತೊಡೆಯ ಮೇಲೆ ಬೀಳುತ್ತದೆ. ಆ ಕ್ಷಣಕ್ಕೆ ಚಪ್ಪಾಳೆ ಸಿಡಿಯುತ್ತದೆ, ನೋಡಿ. ಪಕ್ಕದವರ ಮುಖ ನೋಡಿದರೆ ನಗುತ್ತಿರುತ್ತಾರೆ. ಯಾರೂ ಜೋಕು ಹೇಳಿಲ್ಲ. ಆದರೂ ನಗು.

ಎಲ್ಲಿ ಬಂದು ಇಳಿಯುತ್ತದೆ ಅಂತ ಕೇಳುವವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಸಂತೋಷ. ನಮ್ಮಲ್ಲಿ ಕಾಮಿಡಿ ಕಲಿಯುವವರಿಗೆ ಮೊದಲು ಹೇಳಿಕೊಡುವುದು, ಕೊನೆಯದು ಯಾರೂ ಊಹಿಸದಂತೆ ಇರಬೇಕು ಅಂತ. ಅದು ಅರ್ಧ ನಿಜ. ಏನು ಬರುತ್ತದೆ ಅನ್ನುವುದು ಗೊತ್ತಿರಬಾರದು ಸರಿ. ಆದರೆ ಯಾವಾಗ ಬರುತ್ತದೆ ಅನ್ನುವುದು ಕೇಳುವವರ ಮೈಗೆ ಗೊತ್ತಿರಬೇಕು. ನನ್ನ ಫೋನಿನ ಬಿಟ್ಟಿನಲ್ಲಿ ಮೂರನೇ "ಇಟ್ಟೆ" ಮುಗಿಯುವ ಜಾಗ ಎಲ್ಲರಿಗೂ ಗೊತ್ತು. ಅಲ್ಲಿ ಎಲ್ಲರೂ ಬಂದು ಕೂರುತ್ತಾರೆ. ಸಮ, ಅಂದರೆ ತಾಳದ ಮೊದಲ ಪೆಟ್ಟು, ಸಿಕ್ಕಿತು ಅಂದುಕೊಳ್ಳುತ್ತಾರೆ. ನಾನು ತಾಳದ ಎರಡು ಅಕ್ಷರದಷ್ಟು, ಅಂದರೆ ಎರಡು ಎಣಿಕೆಯಷ್ಟು ಹೊತ್ತು ಬಿಟ್ಟು ರಿಂಗ್ ಮಾಡಿಸುತ್ತೇನೆ. ಎಷ್ಟೋ ಕೀರ್ತನೆಗಳ ಎಡುಪು, ಅಂದರೆ ಹಾಡು ಎತ್ತಿಕೊಳ್ಳುವ ಜಾಗ, ಸಮದಲ್ಲಿ ಇರುವುದಿಲ್ಲ, ಸ್ವಲ್ಪ ಆಚೆ ಇರುತ್ತದೆ. ತಾಳ ಶುರುವಾದ ಮೇಲೆ ಒಂದು ಚೂರು ತಡೆದು ಸಾಹಿತ್ಯ ಬರುತ್ತದೆ. ಆ ಚೂರು ಜಾಗದಲ್ಲೇ ಇರುವುದು ಅದರ ಚೆಲುವು. ಎರಡು ಅಕ್ಷರದ ಬದಲು ಒಂದೇ ಬಿಟ್ಟರೆ ರಿಂಗ್ ಚಪ್ಪಾಳೆಯಲ್ಲಿ ಮುಳುಗುತ್ತದೆ. ನಾಲ್ಕು ಬಿಟ್ಟರೆ ಜನ ನೀರಿನ ಬಾಟಲಿಗೆ ಕೈ ಹಾಕುತ್ತಾರೆ.

ಸಂಗೀತದವರ ಹತ್ತಿರ ಇನ್ನೂ ಎರಡು ಸಾಮಾನು ಇವೆ. ನಾವು ಅವನ್ನು ಬೇರೆ ಹೆಸರಿನಲ್ಲಿ ದಿನಾ ಬಳಸುತ್ತೇವೆ. ಒಂದು ಪಲ್ಲವಿ. ಅನುಪಲ್ಲವಿ ಮುಗಿದರೂ ಅಲ್ಲಿಗೇ ವಾಪಸ್ಸು, ಚರಣ ಮುಗಿದರೂ ಅಲ್ಲಿಗೇ ವಾಪಸ್ಸು. ಹಿಂದೆ ಹೇಳಿದ ಜೋಕಿಗೇ ಹೀಗೆ ಮತ್ತೆ ಬರುವುದನ್ನು ನಾವು ಕಾಲ್‌ಬ್ಯಾಕ್ ಅನ್ನುತ್ತೇವೆ. ಇನ್ನೊಂದನ್ನು ಅವರು 'ಸಂಗತಿ' ಅನ್ನುತ್ತಾರೆ. ಒಂದೇ ಸಾಲನ್ನು ಮೊದಲು ಸರಳವಾಗಿ ಹಾಡಿ, ಆಮೇಲೆ ಸ್ವಲ್ಪ ಬಳುಕಿಸಿ, ಆಮೇಲೆ ಇನ್ನೂ ಮೇಲಕ್ಕೆ ಒಯ್ಯುವುದು. ನಾವು ಪಂಚ್, ಅಂದರೆ ನಗು ತರುವ ಕೊನೆಯ ಮಾತು, ಆದ ಮೇಲೆ ಅದಕ್ಕೆ ಹತ್ತಿಸುವ ಟ್ಯಾಗ್ ಅಂದರೆ ಅದೇ. ವ್ಯತ್ಯಾಸ ಏನು ಗೊತ್ತಾ? ಒಳ್ಳೆಯ ಗಾಯಕರು ಸಂಗತಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಕಟ್ಟುತ್ತಾರೆ. ನಮ್ಮವರು ಅನೇಕರು ದೊಡ್ಡ ನಗು ಮೊದಲೇ ತೆಗೆದು, ಟ್ಯಾಗಿನಲ್ಲಿ ಇಳಿದುಹೋಗುತ್ತಾರೆ. ಒಂದು ಕಚೇರಿಗೆ ಹೋಗಿ ಸಂಗತಿಗಳನ್ನಷ್ಟೇ ಗಮನಿಸಿ ಕೇಳಿದರೆ ಇದು ಪುಸ್ತಕ ಓದದೇ ಗೊತ್ತಾಗುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಕನ್ನಡದ ವಾಕ್ಯ.

ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಇಂಗ್ಲಿಷ್ ಕಾಮಿಡಿ ನೋಡಿ ಬೆಳೆದ ಹುಡುಗರು ಅದನ್ನೇ ಕನ್ನಡಕ್ಕೆ ತಂದಾಗ ಪಂಚ್ ಯಾಕೆ ಬೀಳಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾರೆ. ಕಾರಣ ಇಲ್ಲೇ ಇದೆ. ಈ ವಾಕ್ಯ ಕೇಳಿ: "ನಮ್ಮ ಮಾವ ಹೊಸ ಕಾರನ್ನು ಪುರೋಹಿತರ ಕಾಲಿನ ಮೇಲೆ ಹತ್ತಿಸಿಬಿಟ್ಟರು." ನಗು ಹುಟ್ಟುವುದು "ಕಾಲಿನ ಮೇಲೆ" ಅನ್ನುವಲ್ಲಿ. ಆದರೆ ವಾಕ್ಯ ಮುಗಿದಿಲ್ಲ, "ಹತ್ತಿಸಿಬಿಟ್ಟರು" ಇನ್ನೂ ಬಾಕಿ. ನಗಬೇಕೋ ಕಾಯಬೇಕೋ ಗೊತ್ತಾಗದೆ ಜನ ತಡೆಯುತ್ತಾರೆ. ತಡೆದ ನಗು ಪೂರ್ತಿ ಬರುವುದಿಲ್ಲ.

ಅದೇ ಸಂಗತಿಯನ್ನು ನಮ್ಮ ಅಜ್ಜಿಯಂದಿರು ಹೇಗೆ ಹೇಳುತ್ತಿದ್ದರು? "ನಮ್ಮ ಅಳಿಯಂದಿರು ಹೊಸ ಕಾರು ತಗೊಂಡು, ದೇವಸ್ಥಾನಕ್ಕೆ ಹೋಗಿ, ಪೂಜೆ ಮಾಡಿಸಿ, ಕುಂಕುಮ ಹಚ್ಚಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು, ದೇವರಿಗೆ ಕೈ ಮುಗಿದು, ಗೇರು ಹಾಕಿ ಹತ್ತಿಸಿದ್ದು ಪುರೋಹಿತರ ಕಾಲಿನ ಮೇಲೆ."

ನೋಡಿ ಇದರಲ್ಲಿ ಏನೇನಿದೆ. ತಗೊಂಡು, ಹೋಗಿ, ಮಾಡಿಸಿ, ಹಚ್ಚಿ, ಇಟ್ಟು, ಮುಗಿದು. ಪ್ರತಿಯೊಂದೂ "ಇನ್ನೂ ಇದೆ, ತಾಳಿ" ಅಂತ ಹೇಳುತ್ತದೆ. ಅದೊಂದು ನಡೆ. ಬೇಕಾದಷ್ಟು ಉದ್ದ ಮಾಡಬಹುದು, ಬೇಕಾದ ಕಡೆ ವೇಗ ಏರಿಸಬಹುದು. ಆಮೇಲೆ "ಹತ್ತಿಸಿದ್ದು" ಅಂತ ಕ್ರಿಯೆಯನ್ನು ಮೊದಲೇ ಮುಗಿಸಿ, ಬೇಕಾದ ಮಾತನ್ನು ಕಟ್ಟಕಡೆಗೆ ಇಡುವುದು. "ಬಂದಿದ್ದು ಯಾರು ಅಂದರೆ", "ಸಿಕ್ಕಿದ್ದು ಎಲ್ಲಿ ಅಂದರೆ" ಇವೆಲ್ಲ ಅದೇ ಜಾತಿ. ಇಂಥ ಅನುಕೂಲ ಎಲ್ಲ ಭಾಷೆಗೂ ಇಲ್ಲ. ಕನ್ನಡ ಸ್ಟ್ಯಾಂಡ್‌ಅಪ್ಪಿಗೆ ಒಗ್ಗುವುದಿಲ್ಲ ಅನ್ನುವವರಿಗೆ ನಾನು ಈ ಒಂದು ವಾಕ್ಯ ಹೇಳುತ್ತೇನೆ.

ಊರೂರಿಗೆ ಈ ನಡೆ ಬೇರೆ. ಬೆಂಗಳೂರಿನಲ್ಲಿ ಕನ್ನಡ ಶೋಗೆ ಬರುವವರಲ್ಲಿ ಹುಬ್ಬಳ್ಳಿ, ಕಲಬುರಗಿ, ಕುಂದಾಪುರ, ಮಂಡ್ಯ ಎಲ್ಲ ಕಡೆಯವರೂ ಇರುತ್ತಾರೆ. ಹುಬ್ಬಳ್ಳಿ ಕಡೆಯವರು ವಾಕ್ಯದ ಕೊನೆಯನ್ನು ಎಳೆದು ಬಿಡುತ್ತಾರೆ, "ಏನ್ ಮಾಡಾಕತ್ತೀರೀ" ಅಂತ. ಕುಂದಾಪುರದವರು ಅಕ್ಷರಗಳನ್ನು ನುಂಗಿ ಓಡುತ್ತಾರೆ. ಮಂಡ್ಯದವರು "ಏನ್ಲಾ" ಅಂತ ಮೊದಲ ಪೆಟ್ಟನ್ನೇ ಗಟ್ಟಿಯಾಗಿ ಹಾಕುತ್ತಾರೆ. ಗಂಗಾವತಿ ಪ್ರಾಣೇಶ್ ಅವರನ್ನು ಜನ ಅಭಿನವ ಬೀಚಿ ಅನ್ನುತ್ತಾರೆ. ಅವರ ಒಂದು ಮಾತನ್ನು ಹಾಗೇ ಬರೆದುಕೊಂಡು ಮೈಸೂರು ಕಡೆಯ ಕನ್ನಡದಲ್ಲಿ ಹೇಳಿ ನೋಡಿ. ಅರ್ಥ ಅದೇ ಇರುತ್ತದೆ, ನಗು ಅರ್ಧ ಹೋಗಿರುತ್ತದೆ. ರಾಗ ಬದಲಾಯಿತು, ಅಷ್ಟೇ.

ಸ್ಟ್ಯಾಂಡ್‌ಅಪ್ ಹೊರಗಿನಿಂದ ಬಂದದ್ದು, ನಮ್ಮದಲ್ಲ ಅನ್ನುವ ಮಾತು ಆಗಾಗ ಕೇಳುತ್ತೇನೆ. ಒಂದು ಮೈಕು, ಒಂದು ಸ್ಟೂಲು, ಹಿಂದೆ ಇಟ್ಟಿಗೆ ಗೋಡೆ, ಅದೆಲ್ಲ ಹೊರಗಿನದು ಸರಿ. ಆದರೆ ಒಬ್ಬರೇ ನಿಂತು, ಗಂಟೆಗಟ್ಟಲೆ ಜನರನ್ನು ಹಿಡಿದಿಡುವ ಕೆಲಸ ನಮ್ಮಲ್ಲಿ ಹರಿಕಥೆ ದಾಸರು ಮಾಡಿಕೊಂಡೇ ಬಂದಿದ್ದಾರೆ. ಕೈಯಲ್ಲಿ ಚಿಟಿಕೆ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಹಾಡಿನಲ್ಲಿ ಕಥೆ ನಡೆಸಿ, ಗಂಭೀರ ಘಟ್ಟಕ್ಕೆ ಬಂದಾಗ ಬೇಕೆಂದೇ ನಿಲ್ಲಿಸಿ, ಒಂದು ಉಪಕಥೆ ಹೇಳಿ ನಗಿಸಿ, ನಗು ಇಳಿಯುವ ಮೊದಲೇ ಹಾಡಿಗೆ ಎತ್ತಿಕೊಳ್ಳುವುದು. ಗುರುರಾಜುಲು ನಾಯ್ಡು ಅವರ ಹರಿಕಥೆಯ ಧ್ವನಿಮುದ್ರಣ ಸಿಕ್ಕರೆ ಕೇಳಿ. ಕಥೆಗೆ ಬೇಡ, ಮಾತಿನಿಂದ ಹಾಡಿಗೆ ದಾಟುವ ಜಾಗಗಳಿಗೆ ಕೇಳಿ. ಎಲ್ಲಿ ಮಾತು ಮುಗಿಯಿತು, ಎಲ್ಲಿ ಹಾಡು ಶುರುವಾಯಿತು ಅಂತ ಗೆರೆ ಎಳೆಯಲು ಆಗುವುದಿಲ್ಲ.

ಗುಬ್ಬಿ ಕಂಪನಿ 1884ರಲ್ಲಿ ಶುರುವಾದದ್ದು. ಅದನ್ನು ಮನೆಮಾತು ಮಾಡಿದ ವೀರಣ್ಣನವರು ಹೆಸರು ಗಳಿಸಿದ್ದು ಹಾಸ್ಯದ ಪಾತ್ರಗಳಿಂದ. ಅವರಿಗೆ 'ವರ್ಸಟೈಲ್ ಕಮೀಡಿಯನ್' ಅಂತಲೇ ಬಿರುದು. ಕಾಲು ಹಾರ್ಮೋನಿಯಂ ಇಲ್ಲದ ಕಂಪನಿ ಹಾಸ್ಯವನ್ನು ಆಗ ಯಾರೂ ಊಹಿಸಿರಲಿಕ್ಕಿಲ್ಲ. ಕೈಲಾಸಂ ಅವರನ್ನಂತೂ ಬಿಡುವ ಹಾಗೇ ಇಲ್ಲ. ಮೊದಲನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನಿಕರ ಬಾಯಲ್ಲಿದ್ದ ಟಿಪ್ಪರೇರಿಯ ಹಾಡು ಇತ್ತಲ್ಲ, ಅದೇ ಧಾಟಿಗೆ ಅವರು ತಿಪ್ಪಾರಹಳ್ಳಿಯನ್ನು ತಂದು ಕೂರಿಸಿದರು. ಧಾಟಿ ದಂಡಿನವರದು, ಊರು ನಮ್ಮದು. ಪಾಶ್ಚಾತ್ಯ ಧಾಟಿಗೆ ಕನ್ನಡ ಕೂರುವುದಿಲ್ಲ ಅನ್ನುವ ವಾದಕ್ಕೆ ಇಷ್ಟು ಚೊಕ್ಕವಾದ ಉತ್ತರ ಇನ್ನೊಂದಿಲ್ಲ.

ಇನ್ನು ಬೀದಿಯ ಆರ್ಕೆಸ್ಟ್ರಾ. ಗಣೇಶನ ಹಬ್ಬ, ನವೆಂಬರಿನ ರಾಜ್ಯೋತ್ಸವ ಬಂತೆಂದರೆ ನಮ್ಮ ಬಡಾವಣೆಗಳಲ್ಲಿ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಏಳುತ್ತದೆ. ಗಾಯಕರು ಎರಡು ಹಾಡು ಹಾಡಿ ಗಂಟಲಿಗೆ ಬಿಸಿನೀರು ಕುಡಿಯುವ ಹೊತ್ತಿಗೆ ಮಿಮಿಕ್ರಿ ಕಲಾವಿದರು ಮೈಕು ಹಿಡಿಯುತ್ತಾರೆ. ಅವರಿಗೆ ಸಿಗುವುದು ಎರಡು ಹಾಡಿನ ನಡುವಿನ ಜಾಗ. ಮುಂದೆ ಮಕ್ಕಳು ಓಡಾಡುತ್ತಿರುತ್ತಾರೆ, ಪಕ್ಕದಲ್ಲಿ ಪ್ರಸಾದದ ಸಾಲು, ಹಿಂದೆ ಡ್ರಮ್ಮಿನವರು ಬೋಲ್ಟು ಬಿಗಿ ಮಾಡುತ್ತಿರುತ್ತಾರೆ. ಅಂಥ ಕಡೆ ಒಂದು ಸಾಲಿಗೆ ನಗು ತೆಗೆಯಬೇಕು. ಇವತ್ತು ಎಸಿ ಹಾಲಿನಲ್ಲಿ ಟಿಕೆಟ್ ತೆಗೆದುಕೊಂಡು ಸುಮ್ಮನೆ ಕೂತವರ ಮುಂದೆ ನಿಲ್ಲುವ ನಾವು ಆ ಕಲಾವಿದರಿಗೆ ಬಹಳ ಋಣಿಗಳು. ಬೆಂಗಳೂರಿನ ಹಾಸ್ಯದ ಇತಿಹಾಸ ಬರೆಯುವವರು ಅವರನ್ನು ಬಿಟ್ಟು ಬರೆದರೆ ಅದು ಅನ್ಯಾಯ.

ಗಿಟಾರ್ ಹಿಡಿದು ಕಾಮಿಡಿ ಮಾಡುವವರ ಬಗ್ಗೆ ನನ್ನ ಅಭಿಪ್ರಾಯ ಕೇಳುತ್ತಾರೆ. ನಮ್ಮ ಊರಿನವರೇ ಆದ ಕೆನ್ನಿ ಸೆಬಾಸ್ಟಿಯನ್ ಅದನ್ನು ಚೆನ್ನಾಗಿ ಮಾಡುತ್ತಾರೆ, ಅವರಿಗೆ ವಾದ್ಯವೂ ಗೊತ್ತು, ನಗುವೂ ಗೊತ್ತು. ಆದರೆ ಹೊಸಬರಿಗೆ ಗಿಟಾರ್ ಸ್ವಲ್ಪ ಅಪಾಯ. ಹಾಡು ಮುಗಿದರೆ ಜನ ಚಪ್ಪಾಳೆ ಹೊಡೆಯುತ್ತಾರೆ, ಅದು ನಮ್ಮ ಸಂಸ್ಕಾರ. ಅದನ್ನು ನಗು ಅಂತ ಎಣಿಸಬಾರದು. ಅಣಕು ಹಾಡು ಬರೆಯುವವರಿಗೂ ಇದೇ ಮಾತು. ಮೂಲ ಧಾಟಿ ಎಲ್ಲರಿಗೂ ಇಷ್ಟ, ಅದು ಬಂದ ಕೂಡಲೇ ಖುಷಿಯಾಗುತ್ತದೆ. ಆ ಖುಷಿಯಲ್ಲಿ ನಿಮ್ಮ ಪಾಲು ಎಷ್ಟು ಅಂತ ತೂಗಿ ನೋಡಿಕೊಳ್ಳಬೇಕು. ಡುಂಡಿರಾಜರ ಹನಿಗವನದಲ್ಲಿ ನೋಡಿ, ಪ್ರಾಸ ಬಿದ್ದ ಜಾಗದಲ್ಲೇ ಅರ್ಥ ತಿರುಗುತ್ತದೆ. ಶಬ್ದ ಮತ್ತು ನಗು ಎರಡೂ ಒಂದೇ ಸಲಕ್ಕೆ. ಹಾಡಾದರೂ ಹಾಗಿರಬೇಕು.

ಈಗ ಸೌಂಡ್ ಬಗ್ಗೆ. ಇದನ್ನು ಯಾರೂ ಮಾತಾಡುವುದಿಲ್ಲ, ಅದಕ್ಕೇ ಹೇಳುತ್ತೇನೆ. ನಾವು ಆಡುವ ಎಷ್ಟೋ ಜಾಗಗಳಲ್ಲಿ ಹಿಂದಿನ ರಾತ್ರಿ ಬ್ಯಾಂಡ್ ನುಡಿಸಿರುತ್ತದೆ. ಮಿಕ್ಸರಿನಲ್ಲಿ ಗಾಯಕರಿಗೆ ಅಂತ ಹಾಕಿದ ಎಕೋ ಹಾಗೇ ಉಳಿದಿರುತ್ತದೆ. ಹಾಡಿಗೆ ಎಕೋ ಚೆಂದ. ಕನ್ನಡದ ಮಾತಿಗೆ ವಿಷ. ನಮ್ಮ ಒತ್ತಕ್ಷರಗಳೆಲ್ಲ ಅದರಲ್ಲಿ ಕಲಸಿಹೋಗುತ್ತವೆ. "ಇಟ್ಟೆ" ಅನ್ನುವಲ್ಲಿ ಎರಡು ಟಕಾರದ ನಡುವೆ ಉಸಿರು ಕಟ್ಟುವ ಒಂದು ಕ್ಷಣ ಇದೆ. ನನ್ನ ಬಿಟ್ ನಿಂತಿರುವುದೇ ಆ ಕ್ಷಣದ ಮೇಲೆ. ಎಕೋ ಅದನ್ನು ತುಂಬಿಬಿಡುತ್ತದೆ. ಹಾಗಾಗಿ ಶೋಗೆ ಮೊದಲು ಹೋಗಿ, "ಸರ್, ಎಕೋ ಪೂರ್ತಿ ತೆಗೀರಿ, ಬೇಸ್ ಸ್ವಲ್ಪ ಇಳಿಸಿ" ಅಂತ ಕೇಳಿ, "ಅಕ್ಕ, ಇಟ್ಟೆ, ಕೆಟ್ಟೆ, ಸುತ್ತ" ಅಂತ ಹೇಳಿ ನೋಡುತ್ತೇನೆ. ಕೆಫೆಯಾದರೆ ಕಾಫಿ ಮೆಷಿನ್ ಸ್ಟೀಮ್ ಬಿಡುವ ಸದ್ದು ಬೇರೆ. ಅಲ್ಲಿಯ ಹುಡುಗರಿಗೆ ಮೊದಲೇ ಹೇಳಿದರೆ ಪಾಪ ಅವರು ಕಾಯುತ್ತಾರೆ. ರಂಗಶಂಕರದಲ್ಲಿ ಶೋ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. 2004ರಲ್ಲಿ ಬಾಗಿಲು ತೆರೆದಾಗಿನಿಂದ ಈ ಶಿಸ್ತಿಗೇ ಅದು ಹೆಸರುವಾಸಿ. ಕೆಲವರಿಗೆ ಕೋಪ ಬರುತ್ತದೆ. ನನಗೆ ಆ ನಿಯಮದ ಮೇಲೆ ಬಹಳ ಗೌರವ. ಲಯ ಕಟ್ಟುವ ಹೊತ್ತಿನಲ್ಲಿ ಮೂರನೇ ಸಾಲಿನವರೆಲ್ಲ ಎದ್ದು ದಾರಿ ಬಿಡಬೇಕಾದರೆ ಕಟ್ಟಿದ್ದೆಲ್ಲ ಹೋಯಿತು.

ಸಣ್ಣ ಜಾಗಗಳು ಉಳಿಯುವುದೂ ಮುಖ್ಯ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಬೆಂಗಳೂರು ಪೊಲೀಸರ 2005ರ ಲೈಸೆನ್ಸ್ ಆದೇಶವನ್ನು ಎತ್ತಿಹಿಡಿಯಿತು. ಲೈವ್ ಬ್ಯಾಂಡ್ ಇಡುವ ಹೋಟೆಲು, ಪಬ್ಬುಗಳಿಗೆ ಪರವಾನಗಿ ಬೇಕೇ ಬೇಕು ಅಂತಾಯಿತು. ಆ ವರ್ಷ ಇಂದಿರಾನಗರದ ಕಡೆ ಎಷ್ಟೋ ವೇದಿಕೆಗಳಲ್ಲಿ ಹಾಡು ನಿಂತಿತು. ಅಕ್ಕಪಕ್ಕದ ಮನೆಯವರ ನಿದ್ದೆಯೂ ನಿಜವಾದ ಕಷ್ಟವೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸಂಗೀತದವರ ವೇದಿಕೆ ಹೋದರೆ ನಮ್ಮ ವೇದಿಕೆಯೂ ಹೋಗುತ್ತದೆ. ಮೈಕು, ಸ್ಪೀಕರು, ಲೈಟು, ಅದನ್ನು ನೋಡಿಕೊಳ್ಳುವ ಹುಡುಗ, ಎಲ್ಲ ಒಂದೇ. ಬಡಾವಣೆಗೊಂದು ಚಿಕ್ಕ ಸಭಾಂಗಣ, ಕಡಿಮೆ ಬಾಡಿಗೆ, ಒಳ್ಳೆಯ ಗೋಡೆ. ಬೆಂಗಳೂರು ಗಾಯನ ಸಮಾಜವನ್ನು 1905ರಲ್ಲೇ ಕಟ್ಟಿದ ಊರು ಇದು. ಈಗಲೂ ಆಗದ ಕೆಲಸವೇನಲ್ಲ.

ಒಂದು ಆಸೆ ಹೇಳಿಬಿಡುತ್ತೇನೆ. ಈಗಿನ ಕಚೇರಿಯ ಕ್ರಮವನ್ನು ರೂಪಿಸಿದವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್ ಅನ್ನುತ್ತಾರೆ. ಮೊದಲು ವರ್ಣ, ಗಂಟಲಿಗೂ ಕಿವಿಗೂ ಬಿಸಿ ಮುಟ್ಟಿಸಲು. ನಡುವೆ ಭಾರವಾದ ದೊಡ್ಡ ಕೃತಿ, ತನಿ. ಆಮೇಲೆ ದೇವರನಾಮ, ಜಾವಳಿಯಂಥ ಹಗುರವಾದ ರಚನೆಗಳು, ಕೊನೆಗೆ ಮಂಗಳ. ನಮ್ಮ ಸ್ಟ್ಯಾಂಡ್‌ಅಪ್ ಶೋಗಳು ಇದಕ್ಕೆ ತಲೆಕೆಳಗು. ಅತಿ ದೊಡ್ಡ ನಗುವನ್ನು ಕೊನೆಗೆ ಇಟ್ಟು, ಅದು ಬಂದ ಕೂಡಲೇ "ಥ್ಯಾಂಕ್ಯೂ" ಅಂತ ಓಡಿಹೋಗುತ್ತೇವೆ. ಒಂದು ಗಂಟೆಯ ಕನ್ನಡ ಶೋನಲ್ಲಿ ಭಾರದ ವಿಷಯ ನಡುವೆ ಬರಲಿ. ಅಪ್ಪನ ಕಾಯಿಲೆ, ಮನೆಯ ಸಾಲ, ಊರು ಬಿಟ್ಟು ಬಂದದ್ದು, ಇಂಥದ್ದನ್ನು ನಿಧಾನವಾಗಿ ಬಿಡಿಸಿ ಹೇಳಬಹುದು. ಆಮೇಲೆ ಹಗುರವಾದ ನಾಲ್ಕು ಮಾತಾಡಿ ಜನರನ್ನು ಮನೆಗೆ ಕಳಿಸಬಹುದು. ನಮ್ಮ ಜನ ಇಂಥ ಕ್ರಮಕ್ಕೆ ಕಿವಿ ಪಳಗಿಸಿಕೊಂಡವರು. ಅವರಿಗೆ ಅರ್ಥವಾಗುತ್ತದೆ. ನನ್ನ ಮುಂದಿನ ಶೋ ಅನ್ನು ಹಾಗೇ ಕಟ್ಟುತ್ತಿದ್ದೇನೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗಿ ಕೇಳಿದಳು: "ಸರ್, ನಾನು ಈಗ ತಾನೇ ಓಪನ್ ಮೈಕ್ ಶುರು ಮಾಡಿದ್ದೀನಿ. ಸಂಗೀತ ಕಲಿತಿಲ್ಲ. ಏನು ಮಾಡಲಿ?"

ಆದಿತಾಳ ಹಾಕುವುದನ್ನು ಕಲಿಯಮ್ಮ ಅಂದೆ. ಎಂಟು ಎಣಿಕೆ, ಒಂದು ಸಂಜೆ ಸಾಕು. ಕಲಿತ ಮೇಲೆ ಒಂದು ಕಚೇರಿಯಲ್ಲಿ ತನಿ ಶುರುವಾದಾಗ ಕಾಫಿಗೆ ಏಳದೆ ಪೂರ್ತಿ ಕೂತು ತಾಳ ಹಾಕು. ತಪ್ಪಿದರೆ ಪಕ್ಕದ ಅಜ್ಜನ ಕೈ ನೋಡಿ ಹಿಡಿದುಕೋ, ಅವರೇನೂ ಬೇಜಾರು ಮಾಡಿಕೊಳ್ಳುವುದಿಲ್ಲ. ನಿನ್ನ ಸೆಟ್ಟನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಕೇಳುವಾಗ ಮಾತು ಅರ್ಥವಾಗದಷ್ಟು ಸಣ್ಣಗೆ ಸೌಂಡ್ ಇಟ್ಟು ಕೇಳು. ಬರೀ ಏರಿಳಿತ, ನಿಲುಗಡೆ, ನಗು ಇಷ್ಟೇ ಕೇಳಬೇಕು. ಎಲ್ಲಿ ನಗು ಮುಗಿಯುವ ಮೊದಲೇ ನೀನು ಬಾಯಿ ಹಾಕಿದ್ದೀಯ ಅಂತ ಅದರಲ್ಲಿ ಗೊತ್ತಾಗುತ್ತದೆ. ಅಲ್ಲೆಲ್ಲ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೋ.

"ಎಷ್ಟು ಹೊತ್ತು ಬಿಡಬೇಕು ಸರ್?" ಅಂತ ಮತ್ತೆ ಕೇಳಿದಳು. ಅದು ಅವತ್ತಿನ ಜನರನ್ನು ಕೇಳಿಯೇ ತೀರ್ಮಾನ ಆಗಬೇಕು ಅಂದೆ. ಮಂಗಳವಾರದ ಜನ ಬೇರೆ, ಶನಿವಾರದ ಜನ ಬೇರೆ.